ಕೆಂಪು ಎಳೆ ಹಾಕದ ಕಂಬಳಿ

ಬಡಗಿಗಳು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ಕಂಬಳಿ ಮಾಮಾ ಬಲಗಿವಿಯ ಮೇಲೆ ಒಂದು ಕೆಂಪು ನೂಲಿನ ಎಳೆ ಸಿಕ್ಕಿಸಿಕೊಂಡಿರುತ್ತಿದ್ದರು. ಗೇಣುದ್ದದ್ದು. ಕಿವಿಗೆ ಒಂದು ಸುತ್ತು ಹಾಕಿ ಉಳಿದದ್ದನ್ನು ಕುತ್ತಿಗೆಯ ಕಡೆಗೆ ಇಳಿಬಿಡುತ್ತಿದ್ದರು. ಕೂದಲು ಬೆಳ್ಳಗಾಗುತ್ತ ಹೋದಂತೆ ಆ ಎಳೆ ಮತ್ತಷ್ಟು ಕೆಂಪಾಗಿ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ನಾನು ಅದನ್ನು ರಕ್ತವೆಂದು ತಿಳಿದು, ಮಾಮಾನ ಕಿವಿ ಸೋರುತ್ತಿದೆ ಎಂದು ಅವ್ವನ ಮುಂದೆ ಅತ್ತಿದ್ದೆನಂತೆ. ಅವ್ವ ನಕ್ಕಳು, ಮಾಮಾ ನಕ್ಕರು, ಎಳೆಯನ್ನು ತೆಗೆದು ನನ್ನ ಕೈಗೆ ಕೊಟ್ಟು ತೋರಿಸಿದರು. ಆಮೇಲೆ ನಾನು, ಎಳೆ ತೆಗೆದದ್ದರಿಂದ ಕಿವಿ ಬಿದ್ದುಹೋದೀತೇನೋ ಎಂದು ಹೊಸ ಚಿಂತೆ ಹಚ್ಚಿಕೊಂಡೆ. ಐವತ್ತರ ಸಮೀಪ ಬಂದರೂ ಈ ಸ್ವಭಾವದಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಆಗಿಲ್ಲ.

ಅವರು ನನ್ನ ಸ್ವಂತ ಸೋದರಮಾವನಲ್ಲ. ಖಾನಾಪುರ ತಾಲೂಕಿನಲ್ಲಿ, ನಂದಗಡ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯವರು. ಕುರಿ ಕಾಯುವ, ಕಂಬಳಿ ನೇಯುವ ಮನೆತನ. ಶನಿವಾರ ಬೆಳಗಾವಿಗೆ ಕಂಬಳಿಯ ಗಂಟು ಹೊತ್ತು ಬಂದವರು ಮೊದಲು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದು, ಆಮೇಲೆ ಪೇಟೆಗೆ ಹೋಗುತ್ತಿದ್ದರು. ಅವ್ವನಿಗೆ ಅಣ್ಣತಮ್ಮಂದಿರಿರಲಿಲ್ಲ. ಒಂದು ವರ್ಷ ಪಂಚಮಿಗೆ ತವರಿನಿಂದ ಯಾರೂ ಕರೆಯಲು ಬರದೆ ಅವಳು ಮೋರೆ ಸಣ್ಣದು ಮಾಡಿಕೊಂಡು ಕೂತಿದ್ದಾಗ, ಇವರು ಗಂಟಿನಿಂದ ಒಂದು ಕಂಬಳಿ ತೆಗೆದು, ಅದರ ಮೂಲೆಗೆ ಕಿವಿಯ ಮೇಲಿನ ಕೆಂಪು ಎಳೆ ಹೊಲಿದು, “ತಂಗೆವ್ವಾ, ಇದ ನಿಂದು” ಅಂದರು. ಅವ್ವ ಅವರ ಟವೆಲ್ಲಿನಲ್ಲಿ ಶೇಂಗಾ ಉಂಡಿ ಕಟ್ಟಿ ಕಳಿಸಿದಳು. ಅಂದಿನಿಂದ ಅವರು ಮಾಮಾ, ಅವರ ಹೆಂಡತಿ ಅತ್ತಿ, ನಾನು ಅಳಿಯ. ನಮ್ಮ ಕೊರಳಲ್ಲಿ ಲಿಂಗ, ಅವರ ಹಣೆಯ ಮೇಲೆ ಭಂಡಾರದ ಅರಿಷಿಣ. ನನ್ನ ಲಗ್ನದ ಪತ್ರಿಕೆಯಲ್ಲಿ ಸೋದರಮಾವನ ಸಾಲಿನಲ್ಲಿ ಅವರ ಹೆಸರು ಹಾಕಿಸಿದಾಗ ಮಾತ್ರ ಸ್ವಂತ ಬಳಗದವರು ಹುಬ್ಬು ಗಂಟಿಕ್ಕಿದ್ದುಂಟು.

ಕೆಂಪು ಎಳೆಯ ಅರ್ಥ ಇಷ್ಟೇ: ಇಂಥವರಿಗೆ ಎಂದು ಮಾತು ಕೊಟ್ಟ ಕಂಬಳಿಯ ಮೂಲೆಗೆ ಅದನ್ನು ಹೊಲಿಯುತ್ತಿದ್ದರು. ಕೆಂಪು ಎಳೆ ಬಿತ್ತೆಂದರೆ ಆ ಕಂಬಳಿ ಒಬ್ಬರದಾಯಿತು. ಪೇಟೆಯಲ್ಲಿ ಯಾರು ಎಷ್ಟು ಗೋಗರೆದರೂ ಅದನ್ನು ಬಿಚ್ಚಿ ತೋರಿಸುತ್ತಲೂ ಇರಲಿಲ್ಲ.

ಉಳಿದವನ್ನು ಮಾರುವ ರೀತಿಯೇ ಬೇರೆ ಇತ್ತು. ಗಿರಾಕಿ ದರ ಕೇಳುವ ಮೊದಲೇ ಕಂಬಳಿಯನ್ನು ಅವನ ಹೆಗಲಿಗೆ ಹಾಕಿಬಿಡುತ್ತಿದ್ದರು. ಕನ್ನಡದವನಿಗೆ ಕಂಬಳಿ, ಮರಾಠಿಯವನಿಗೆ ಘೋಂಗಡಿ, ಮಾತು ಮಾತ್ರ ಒಂದೇ: ಹೊಚ್ಚಿಕೊಂಡು ಸ್ವಲ್ಪ ಅಡ್ಡಾಡ್ರಿ, ಆಮೇಲೆ ಮಾತಾಡೋಣ. ಹೆಗಲ ಮೇಲೆ ಕಂಬಳಿ ಬಿದ್ದ ಮೇಲೆ ಮನುಷ್ಯ ಚೌಕಾಸಿಗೆ ನಿಲ್ಲುವುದು ಕಷ್ಟ. ಬೆನ್ನು ಬೆಚ್ಚಗಾದ ಕೂಡಲೇ ಬಾಯಿ ಮೆತ್ತಗಾಗುತ್ತದೆ. ಜಾಂಬೋಟಿ ಕಡೆಯ ಗದ್ದೆಯವರು ಮಳೆಗಾಲದಲ್ಲಿ ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳಲು ಕೊಳ್ಳುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಹಾಳೆ ಬಂತು. ಮಾಮಾನ ಗಂಟು ವರ್ಷದಿಂದ ವರ್ಷಕ್ಕೆ ಚಿಕ್ಕದಾಯಿತು. ಕೊನೆಕೊನೆಗೆ ಬರಿಗೈಯಲ್ಲೇ ಬಂದು ಕಟ್ಟೆಯ ಮೇಲೆ ಕೂತು, ಶನಿವಾರ ಬರೋದು ರೂಢಿ ಆಗೈತಿ ಅನ್ನುತ್ತಿದ್ದರು.

ನನ್ನ ಅಂಗಡಿ ಆಟೋ ನಗರದಲ್ಲಿದೆ. ಯಂತ್ರದ ಬಿಡಿಭಾಗಗಳಿಗೆ ಹೆಸರಿನ ಪಟ್ಟಿ, ಬಾರ್‌ಕೋಡ್ ಚೀಟಿ ಮಾಡಿಕೊಡುವ ದಂಧೆ. ಶುರು ಮಾಡಿದ ಹೊಸತರಲ್ಲಿ ಒಂದು ನರಪಿಳ್ಳೆಯೂ ಒಳಗೆ ಬರುತ್ತಿರಲಿಲ್ಲ. ನಾನು ಯಂತ್ರದ ಧೂಳು ಒರೆಸುತ್ತ, ಒರೆಸಿ ಒರೆಸಿ ಯಂತ್ರವೇ ಸವೆದುಹೋದೀತೆಂದು ಹೆದರುತ್ತ ದಿನ ಕಳೆಯುತ್ತಿದ್ದೆ. ಒಂದು ಶನಿವಾರ ಮಾಮಾ ಬಂದರು. ನೋಡಿದರು. ಬಾಗಿಲ ಬಳಿ, ರಸ್ತೆಗೆ ಕಾಣುವ ಹಾಗೆ, ಕಂಬಳಿ ಹಾಸಿ ಕೂತರು.

“ಖಾಲಿ ಅಂಗಡಿ ನೋಡಿದ್ರ ಮಂದಿ ಅಂಜತಾರ ಅಳ್ಯಾ. ಅದಕ್ಕ ನಾ ಗಿರಾಕಿ ಆಗಿ ಕುಂತೇನಿ.”

ಸಂಜೆಯ ತನಕ ಕೂತರು. ಎದುರಿನ ವರ್ಕ್‌ಶಾಪಿನವನು ಒಮ್ಮೆ ಇಣುಕಿದಾಗ ಅವನಿಗೆ ಕೇಳುವ ಹಾಗೆ, ನಾನು ಮುಂಜಾನೆಯಿಂದ ಕೂತಿದ್ದೇನೆ, ನನ್ನ ಕೆಲಸ ಮೊದಲು ಮಾಡಿಕೊಡಿ ಎಂದು ನನಗೆ ಗದರಿಸಿದರು. ಅವನು ಒಳಗೆ ಬಂದು, ಈ ಅಜ್ಜನದು ಮುಗಿದ ಮೇಲೆ ನನ್ನದು ಅಂದ. ಅದು ನನ್ನ ಮೊದಲ ಆರ್ಡರು. ಕುರಿ ಕಾಯುವ ಮನುಷ್ಯನಿಗೆ ಬಾರ್‌ಕೋಡ್ ಯಾಕೆ ಬೇಕು ಎಂದು ಅವನು ಕೇಳಲಿಲ್ಲ. ಆಮೇಲೆ ಎಷ್ಟೋ ಶನಿವಾರ ಮಾಮಾ ಹಾಗೆ ಕೂತಿದ್ದಾರೆ. ಲಾಕ್‌ಡೌನ್ ಮುಗಿದು ಬಾಗಿಲು ತೆರೆದಾಗಲೂ ಮೊದಲು ಬಂದು ಕೂತವರು ಅವರೇ. ನನ್ನ ಅಂಗಡಿ ಇಂದು ನಡೆಯುತ್ತಿದ್ದರೆ ಅದರ ಬುನಾದಿಯಲ್ಲಿ ಒಬ್ಬ ಸುಳ್ಳು ಗಿರಾಕಿ ಇದ್ದಾನೆ.

ಅತ್ತಿ ತೀರಿಕೊಂಡದ್ದು ಅದಾದ ಮೇಲೆ. ಮಾಮಾ ನೇಯ್ದದ್ದಕ್ಕೆಲ್ಲ ನೂಲು ಆಕೆಯದೇ. ಮಾತು ಕಡಿಮೆ, ಕೈ ನಿಲ್ಲುತ್ತಿರಲಿಲ್ಲ. ಯಾರ ಮನೆಗೆ ಹೋದರೂ ನೂಲುವ ತಕಲಿ ಜೊತೆಗಿರುತ್ತಿತ್ತು. ನಮ್ಮ ಪಡಸಾಲೆಯಲ್ಲಿ ಅವ್ವನ ಜೊತೆ ಮಾತಾಡುತ್ತಲೇ ನೂತ ಎಳೆಗಳು ಯಾವ ಯಾವ ಕಂಬಳಿ ಸೇರಿವೆಯೋ. ಹಾಸಿಗೆ ಹಿಡಿದ ಮೇಲೂ ದಿಂಬಿಗೆ ಒರಗಿ ನೂಲುತ್ತಿದ್ದರು. ಅವರು ಹೋದ ಮೇಲೆ ಒಂದು ಬುಟ್ಟಿ ನೂಲು ಉಳಿಯಿತು. ಮಾಮಾ ಅದನ್ನು ಬಹಳ ದಿನ ಮುಟ್ಟಲಿಲ್ಲ.

ಆ ಹೊತ್ತಿಗೆ ಪುಣೆಯ ಒಂದು ಕಂಪನಿ ನನ್ನನ್ನು ಹುಡುಕಿಕೊಂಡು ಬಂತು. ಕೈಮಗ್ಗದ ಕಂಬಳಿಗಳನ್ನು ದೇಶವಿದೇಶದವರಿಗೆ ಮಾರುವವರು. ಅವರ ಮ್ಯಾಡಮ್ ಒಬ್ಬರು, ಮೂವತ್ತರ ಒಳಗಿನವರು, ನನಗೆ ಒಂದು ಚಿಪ್ ತೋರಿಸಿದರು. ಅಂಗಿಯ ಗುಂಡಿಯಷ್ಟು. ಅದನ್ನು ಕಂಬಳಿಯ ಮೂಲೆಗೆ ಹೊಲಿಯುವುದು. ಎರಡು ಬೆರಳಿನ ಅಂತರಕ್ಕೆ ಫೋನು ತಂದರೆ ತೆರೆಯ ಮೇಲೆ ಆ ಕಂಬಳಿಯ ಜಾತಕ ಬರುತ್ತದೆ: ಯಾರ ಕುರಿ, ಯಾರು ನೂತರು, ಯಾರು ನೇಯ್ದರು. ಆ ಜಾತಕಕ್ಕೆ ಒಂದು ಟೋಕನ್. ಟೋಕನ್ ಯಾರ ಹೆಸರಿನಲ್ಲಿದೆಯೋ ಕಂಬಳಿ ಅವರದು. ಇದೆಲ್ಲ ಬ್ಲಾಕ್‌ಚೈನ್ ಎಂಬ ಕಡೆ ದಾಖಲಾಗುತ್ತದೆ, ಒಂದೇ ಮಾತನ್ನು ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಬರೆದಿಡುವುದರಿಂದ ಯಾರೂ ಅಳಿಸಲಾರರು, ತಿದ್ದಲಾರರು. ಚಿಪ್ಪಿಗೆ ಮಾಹಿತಿ ತುಂಬುವ, ಕೊನೆಗೆ ಪರೀಕ್ಷಿಸುವ ಕೆಲಸ ನನಗೆ. ನೇಯುವವರು ಯಾರಾದರೂ ಗೊತ್ತಾ ಎಂದು ಕೇಳಿದರು. ನಾನು ಮಾಮಾನ ಊರಿಗೆ ಕರೆದುಕೊಂಡು ಹೋದೆ.

ಮಾಮಾಗೆ ವಿವರಿಸಲು ನನಗೆ ಅರ್ಧ ದಿನ ಬೇಕಾಯಿತು. ಅವರಿಗೆ ತಿಳಿಯಲು ಅಷ್ಟು ಹೊತ್ತು ಬೇಕಾಗಲಿಲ್ಲ.

“ಅಂದ್ರ ಊರ ಮಂದಿ ಬಾಯಿ ಇದ್ದಂಗ. ಒಮ್ಮೆ ಅಲ್ಲೆ ಬಿದ್ದ ಮಾತ ಅಳಸಾಕ ಬರೂದಿಲ್ಲ. ಖರೇ ಇದ್ರೂ ಅಷ್ಟ, ಸುಳ್ಳ ಇದ್ರೂ ಅಷ್ಟ.”

ನಾನು ನಕ್ಕೆ. ಆಗ ನಗಬಹುದಿತ್ತು.

ಓಣಿಯಲ್ಲಿ ಮೂಲೆ ಸೇರಿದ್ದ ಮಗ್ಗಗಳು ಮತ್ತೆ ಸದ್ದು ಮಾಡಿದವು. ಮಾಮಾನ ಮಗಳು, ನನಗೆ ಅಕ್ಕ, ಗಂಡನ ಮನೆಯಿಂದ ಬಂದು ನಿಂತಳು. ಮಾಮಾ ಅತ್ತಿಯ ಬುಟ್ಟಿಯನ್ನು ಇಳಿಸಿದರು. ಆ ನೂಲಿನಿಂದ ಒಂದೇ ಒಂದು ಕಂಬಳಿ ಆಗುತ್ತಿತ್ತು, ಅದು ತನಗೆ. ಮಾರುವುದಕ್ಕಲ್ಲ. ತಾನು ಹೋಗುವಾಗ ಅದನ್ನು ಹೊಚ್ಚಿಕೊಂಡು ಹೋಗಬೇಕು ಎಂದರು. ಅವರ ಮನೆತನದಲ್ಲಿ ಹೂಳುವ ರೂಢಿ, ಹೂಳುವಾಗ ಕಂಬಳಿ ಮುಚ್ಚುವ ರೂಢಿ. ಮ್ಯಾಡಮ್‌ಗೆ ಈ ಕಥೆ ಬಹಳ ಹಿಡಿಸಿತು. ಅದಕ್ಕೂ ಚಿಪ್ ಹಾಕೋಣ, ‘ಮಾರಾಟಕ್ಕಿಲ್ಲ’ ಎಂದು ದಾಖಲಿಸೋಣ, ನೂತವರ ಹೆಸರು ಎಂದೆಂದಿಗೂ ಉಳಿಯುತ್ತದೆ ಅಂದರು. ಒಂದೇ ಷರತ್ತು: ಯಾವ ಕಂಬಳಿಯ ಮೇಲೂ ಚಿಪ್ ಬಿಟ್ಟರೆ ಬೇರೆ ಗುರುತು ಇರಬಾರದು, ಎಲ್ಲ ಒಂದೇ ಥರ ಕಾಣಬೇಕು. ಮಾಮಾ ಕಿವಿಯ ಮೇಲಿನ ಎಳೆ ಮುಟ್ಟಿಕೊಂಡು ನನ್ನ ಕಡೆ ನೋಡಿದರು. ಚಿಪ್ ಮರೆಯುವುದಿಲ್ಲ ಮಾಮಾ ಎಂದು ನಾನೂ ಹೇಳಿದೆ. ಎಳೆ ಕಿವಿಯ ಮೇಲೇ ಉಳಿಯಿತು.

ಮಗ್ಗದ ಮೇಲಿರುವಾಗಲೇ ಚಿಪ್ ಹೊಲಿದು, ಫೋಟೋ ತೆಗೆದು, ದಾಖಲಿಸಿದೆವು. ಆದರೆ ಮಗ್ಗದಿಂದ ಇಳಿದದ್ದು ಇನ್ನೂ ಕಂಬಳಿಯಲ್ಲ. ಅದನ್ನು ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಹಾಕಿ, ಕಾಲಿನಿಂದ ತುಳಿದು ತುಳಿದು ಹದ ಮಾಡಬೇಕು. ಆಗ ಎಳೆಗಳು ಒಂದರೊಳಗೊಂದು ಸೇರಿ ನೇಯ್ಗೆಯ ಗುರುತೇ ಮಾಯವಾಗುತ್ತದೆ. ಚಿಪ್ ಇದನ್ನೆಲ್ಲ ತಾಳಿಕೊಳ್ಳುತ್ತದೆ, ಮುಟ್ಟಬೇಡಿ ಎಂದು ನಾನು ಹೋದಾಗೆಲ್ಲ ಹೇಳಿದ್ದೆ. ಫೋನಿನಲ್ಲೂ ಹೇಳಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ, ಇಷ್ಟು ಹೇಳುತ್ತಿದ್ದಾನೆಂದರೆ ಅದು ತಾಳುವುದಿಲ್ಲ ಎಂದೇ ಅವರಿಗೆ ಅನ್ನಿಸಿರಬೇಕು.

ಮಾಲು ಸಾಗಿಸುವುದಕ್ಕೆ ಮುಂಚಿನ ದಿನ ಮಧ್ಯಾಹ್ನ ಪರೀಕ್ಷೆಗೆ ಹೋದೆ. ಓಣಿಯವರದೆಲ್ಲ ಸೇರಿ ಮಾಮಾನ ಅಂಗಳದಲ್ಲಿ ಕರಿ ಕಂಬಳಿಗಳ ದೊಡ್ಡ ಒಟ್ಟಿಲು. ಒಂದೊಂದಕ್ಕೇ ಫೋನು ಹಿಡಿಯುತ್ತ ಹೋದೆ. ಟಿಂಗ್ ಎನ್ನುವುದು, ಹಸಿರು ಗುರುತು ಬರುವುದು. ಮತ್ತೆ ಟಿಂಗ್, ಮತ್ತೆ ಹಸಿರು. ಒಂದೂ ಕೆಟ್ಟಿರಲಿಲ್ಲ. ಏನೂ ಕೆಡದಿರುವುದೇ ನನಗೆ ಚಿಂತೆಗಿಟ್ಟುಕೊಂಡಿತು. ಮಾಮಾ ಮಾತ್ರ ಪಕ್ಕದಲ್ಲಿ ಕೂತು ಪ್ರತಿ ಟಿಂಗ್‌ಗೂ ತಲೆ ಆಡಿಸುತ್ತಿದ್ದರು.

“ಒಂದಕ್ಕೂ ಪೆಟ್ಟ ಬಿದ್ದಿಲ್ಲ ನೋಡ. ಬೀಳಾಕ ನಾ ಬಿಟ್ರ ಅಲ್ಲ? ತುಳ್ಯಾಕ ಒಯ್ಯೂಕಿಂತ ಮೊದಲ ಎಲ್ಲಾ ತಾಯತ ಬಿಚ್ಚಿ ತಗದ ಇಟ್ಟಿದ್ನಿ.”

ಚಿಪ್ಪಿಗೆ ಅವರು ಇಟ್ಟುಕೊಂಡಿದ್ದ ಹೆಸರು ತಾಯತ. ಬಟ್ಟೆಯ ಸಣ್ಣ ಚೀಲದಲ್ಲಿ ಹೊಲಿದ ಗುಂಡಿ, ಇನ್ನೇನು ಅನ್ನಬೇಕು? ಅವರ ಮನೆಯಲ್ಲಿ ಕೂಸಿಗೆ ನೀರು ಎರೆಯುವ ಮೊದಲು ಕೊರಳಿನ ತಾಯತ ಬಿಚ್ಚಿ ಅರಿಷಿಣದ ಬಟ್ಟಲಿನಲ್ಲಿಡುತ್ತಾರೆ, ಎರೆದು ಒರೆಸಿದ ಮೇಲೆ ಮತ್ತೆ ಕಟ್ಟುತ್ತಾರೆ. ಮನೆಯಲ್ಲಿ ಕೂಸುಗಳು ಎಷ್ಟೇ ಇರಲಿ, ಬಟ್ಟಲು ಒಂದೇ. ಮಾಮಾ ಕಂಬಳಿಗಳಿಗೂ ಹಾಗೇ ಮಾಡಿದ್ದರು. ಒಣಗಿದ ಮೇಲೆ ಅಕ್ಕ ಒಂದೊಂದಕ್ಕೆ ಒಂದೊಂದನ್ನು ಮತ್ತೆ ಹೊಲಿದಿದ್ದಳು. ಒಂದೂ ಕಡಿಮೆಯಾಗದ ಹಾಗೆ, ಬಹಳ ಜೋಪಾನವಾಗಿ.

“ಯಾವದಕ್ಕ ಯಾವದ ಹೊಲದ್ರಿ ಮಾಮಾ?” ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿತು.

“ತಾಯತಕ್ಕ ಯಾವದ ಅಂತ ಇರತೈತೇನೋ ಹುಚ್ಚಪ್ಪಾ?”

ಅವರು ನನ್ನ ಮೋರೆ ನೋಡಿದರು. ಒಟ್ಟಿಲು ನೋಡಿದರು. ತುಟಿಯ ಮೇಲಿದ್ದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಹಂಗಾರ ನಿಮ್ಮತ್ತಿದ ಯಾವುದು?”

ಯಾವ ಫೋನಿಗೂ ಗೊತ್ತಿರಲಿಲ್ಲ. ‘ಮಾರಾಟಕ್ಕಿಲ್ಲ’ ಎನ್ನುವ ಚಿಪ್ ಒಟ್ಟಿಲಿನಲ್ಲಿತ್ತು, ಆದರೆ ಅದು ಯಾವುದೋ ಕಂಬಳಿಗೆ ಕೂತಿತ್ತು. ಫೋಟೋ ತೆಗೆದು ನೋಡಿದೆವು. ಮಗ್ಗದ ಮೇಲೆ ಎಣಿಸುವಂತೆ ಕಾಣುತ್ತಿದ್ದ ಎಳೆಗಳು ತುಳಿದ ಮೇಲೆ ಒಂದೇ ಕಪ್ಪು. ನಾನು ಮ್ಯಾಡಮ್‌ಗೆ ಫೋನು ಮಾಡಿದೆ. ಎಲ್ಲ ಹಸಿರು ಬಂತಾ ಎಂದು ಕೇಳಿದರು. ಬಂತು, ಆದರೆ ಎಲ್ಲ ಸುಳ್ಳು ಅಂದೆ. ಕೆಟ್ಟವರಲ್ಲ, ಅವರ ದನಿಯೂ ಬಿದ್ದುಹೋಗಿತ್ತು. ಬರೆದದ್ದನ್ನು ತಿದ್ದಲು ಬರುವುದಿಲ್ಲ, ಟೋಕನ್ನುಗಳೆಲ್ಲ ಆಗಲೇ ಮಾರಾಟವಾಗಿವೆ, ಬೆಳಿಗ್ಗೆ ಗಾಡಿ ಬರುತ್ತದೆ, ‘ಮಾರಾಟಕ್ಕಿಲ್ಲ’ ಎಂದು ಬಂದ ಕಂಬಳಿಯನ್ನು ಇಟ್ಟುಕೊಂಡು ಉಳಿದದ್ದು ಕಳಿಸಿ ಅಂದರು. ಮಾಮಾ ಆರಿಸಿದ ಕಂಬಳಿಯನ್ನೇ ಇಟ್ಟುಕೊಂಡು ಚಿಪ್ ಬದಲಿಸುತ್ತೇವೆ ಎಂದೆ. ಆರಿಸುವುದಾದರೆ ಆರಿಸಿ, ನಾನು ಕೇಳಿಸಿಕೊಂಡಿಲ್ಲ ಎಂದು ಫೋನಿಟ್ಟರು.

ಅಷ್ಟು ಸಾಕಿತ್ತು. ಅತ್ತಿಯ ನೂಲು ಮಾಮಾನ ಕೈಗೆ ತಿಳಿಯದೆ ಇರುತ್ತದೆಯೇ? ಓಣಿಯವರೆಲ್ಲ ಹಾಗೇ ಅಂದರು, ನಾನೂ ಅಂದೆ. ಮಾಮಾ ಕೈಕಾಲು ತೊಳೆದು, ಹಣೆಗೆ ಭಂಡಾರ ಹಚ್ಚಿಕೊಂಡು ಒಟ್ಟಿಲಿನ ಮುಂದೆ ಕೂತರು. ಒಂದೊಂದನ್ನೇ ತೊಡೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಅಂಗೈಯಿಂದ ಸವರಿ, ಪಕ್ಕಕ್ಕಿಡುತ್ತ ಹೋದರು. ಹೊತ್ತು ಮುಳುಗುವಾಗ ಒಂದರ ಮೇಲೆ ಕೈ ನಿಂತಿತು. ಅದನ್ನು ಎದೆಗೆ ಒತ್ತಿಕೊಂಡು, ಇದು, ಅಂದರು. ಎಲ್ಲರಿಗೂ ಉಸಿರು ಬಂತು. ಅಕ್ಕ ಅದನ್ನು ಒಯ್ದು ಗೋಡೆಯ ಮಾಡದಲ್ಲಿಟ್ಟಳು. ನಾನು ಅಲ್ಲೇ ಉಳಿದೆ.

ಬೆಳಿಗ್ಗೆ ಎದ್ದಾಗ ಮಾಮಾ ಮತ್ತೆ ಒಟ್ಟಿಲಿನ ಮುಂದಿದ್ದರು. ನಿನ್ನೆ ಕತ್ತಲಾಗಿತ್ತು, ಕೈ ದಣಿದಿತ್ತು, ಇನ್ನೊಮ್ಮೆ ನೋಡಿಬಿಡುತ್ತೇನೆ ಅಂದರು. ಮಾಡದ ಕಂಬಳಿಯನ್ನೂ ಅಕ್ಕನಿಂದ ತರಿಸಿ ಒಳಗೆ ಸೇರಿಸಿದ್ದರು. ನೋಡುತ್ತ ನೋಡುತ್ತ ಒಂದನ್ನು ಎತ್ತಿಕೊಂಡು ಮತ್ತೆ ಎದೆಗೆ ಒತ್ತಿಕೊಂಡರು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಅಪ್ಪಾ, ನಿನ್ನಿ ತಗದದ್ದು ಅದಲ್ಲ. ಇದು,” ಎಂದು ಇನ್ನೊಂದನ್ನು ತೋರಿಸಿದಳು. ಅವಳು ಮಾಡದಲ್ಲಿಡುವಾಗ ಅದರ ಅಂಚಿಗೆ ಕುಂಕುಮದ ಬೊಟ್ಟು ಇಟ್ಟಿದ್ದಳು.

ಮಾಮಾ ಎರಡನ್ನೂ ಪಕ್ಕಪಕ್ಕಕ್ಕೆ ಹಾಸಿಕೊಂಡು ಸವರಿದರು. ಆಮೇಲೆ ಮೂರನೆಯದನ್ನು ಎಳೆದುಕೊಂಡರು. ಆಮೇಲೆ ಇನ್ನೊಂದನ್ನು. ಕೈ ಬೇಗ ಬೇಗ ಓಡತೊಡಗಿತು.

“ಎಲ್ಲಾಕ್ಕೂ ಹೌದ ಅಂತೈತಿ,” ಅಂದರು. ಯಾರಿಗೂ ಹೇಳಿದ ಮಾತಲ್ಲ ಅದು, ಕೈಗೆ ಹೇಳಿದ್ದು. “ಜಲಮಿಡೀ ಆಕಿ ನೂಲ ಹಿಡದ ಕೈ. ಈಗ ಎಲ್ಲಾಕ್ಕೂ ಹ್ಞೂಂ ಅಂತೈತಿ.”

ಗಾಡಿ ಬಂತು. ಡ್ರೈವರ್ ಹಿಂದಿನ ಬಾಗಿಲು ತೆರೆದು ಬೀಡಿ ಹಚ್ಚಿದ. ಮಾಮಾ ಒಟ್ಟಿಲು ಹತ್ತಿ ಕೂತುಬಿಟ್ಟರು. ಇದರಾಗಿಂದ ಒಂದೂ ಹೋಗೂದಿಲ್ಲ ಎಂದರು. ಜಗಳಾಡುವವರ ದನಿಯಲ್ಲ, ಊಟ ಬೇಡ ಅನ್ನುವವರ ದನಿ. ಅಕ್ಕ ಕಾಲು ಹಿಡಿದಳು. ನಾನು ಏನೇನೋ ಹೇಳಿದೆ, ಹೇಳಿದ್ದು ನೆನಪಿಲ್ಲ, ನೆನಪಿಡುವಂಥದ್ದು ಇರಲಾರದು. ಹಳ್ಳಿಯ ಹಿರಿಯರು ಬಂದು ಹೇಳಿ ಹೋದರು. ಅವರು ಯಾರನ್ನೂ ನೋಡಲಿಲ್ಲ. ಎರಡೂ ಅಂಗೈ ಒಟ್ಟಿಲಿನ ಮೇಲೆ ಊರಿ ಕೂತಿದ್ದರು, ಕೆಳಗಿನಿಂದ ಯಾರೋ ಕರೆದರೆ ಕೇಳಲಿ ಎಂಬಂತೆ.

ಕೊನೆಗೆ ಪಕ್ಕದ ಮನೆಯ ಹೆಣ್ಣುಮಗಳು ಬಂದಳು. ಗಂಡ ಸತ್ತ ಮೇಲೆ ಮಗ್ಗಕ್ಕೆ ಕೂತವಳು, ಆ ಒಟ್ಟಿಲಿನಲ್ಲಿ ಅವಳ ಒಂದು ಮಳೆಗಾಲದ ದುಡಿಮೆ ಇತ್ತು. ಅವಳು ಗೋಗರೆಯಲಿಲ್ಲ, ಸೆರಗು ಬಾಯಿಗೆ ಇಟ್ಟುಕೊಂಡು ಇಷ್ಟೇ ಅಂದಳು: “ಮಾವಾ, ಅದರಾಗ ನಮ್ಮವೂ ಅದಾವ.”

ಮಾಮಾ ಅವಳನ್ನು ನೋಡಿದರು. ಒಟ್ಟಿಲಿನಿಂದ ಇಳಿದರು. ಇಳಿಯುವಾಗ ನನ್ನ ಹೆಗಲು ಹಿಡಿದರು, ಭಾರ ಏನೂ ಇರಲಿಲ್ಲ.

ಗಾಡಿ ತುಂಬುವಾಗ ನಾನು ಮತ್ತೆ ಒಂದೊಂದಕ್ಕೂ ಫೋನು ಹಿಡಿದು, ‘ಮಾರಾಟಕ್ಕಿಲ್ಲ’ ಎಂದು ಬಂದದ್ದನ್ನು ತೆಗೆದಿಟ್ಟೆ. ಅವರ ಕೈ ನಿಂತ ಎರಡರಲ್ಲಿ ಅದು ಒಂದೂ ಆಗಿರಲಿಲ್ಲ. ಯಾವುದನ್ನು ಇಟ್ಟುಕೊಳ್ಳೋಣ ಮಾಮಾ ಎಂದು ಕೇಳಿದೆ. ಅವರು ಕೈ ಬೀಸಿದರು, ಯಾವುದಾದರೂ ಎಂಬಂತೆ. ‘ಮಾರಾಟಕ್ಕಿಲ್ಲ’ ಎಂದು ಬಂದದ್ದನ್ನೇ ಇಟ್ಟೆ. ಗಾಡಿ ಊರು ದಾಟಿದ ಮೇಲೆ ಅದನ್ನು ಅವರ ಮುಂದೆ ಹಿಡಿದು, ಇದೇ ಅತ್ತಿಯದು ಅಂತ ಚಿಪ್ ಹೇಳುತ್ತದೆ ಅಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಯಂತ್ರದ ಬಾಯಿಂದ ಹೇಳಿಸಿ ನೋಡಿದೆ.

“ಅದಕ್ಕೇನ ಗೊತ್ತೋ? ಅದನ್ನ ಹೊಲದಾಕಿ ನನ್ನ ಮಗಳು.”

ಅಕ್ಕ ಅವರ ಕಿವಿಯ ಮೇಲಿನ ಎಳೆಗೆ ಕೈ ಹಾಕಿದಳು, ಈಗಲಾದರೂ ಇದಕ್ಕೆ ಹಾಕಿಬಿಡೋಣ, ನಮ್ಮ ಸಮಾಧಾನಕ್ಕೆ ಅಂದಳು. ಮಾಮಾ ಅವಳ ಕೈ ಸರಿಸಿದರು. “ಬ್ಯಾಡ. ಖಾತ್ರಿ ಇಲ್ಲದ್ದಕ್ಕ ಕೆಂಪ ಎಳಿ ಹಾಕೂದಿಲ್ಲ.”

ಆಮೇಲೂ ಅವರು ಕೆಲವು ಶನಿವಾರ ಅಂಗಡಿಗೆ ಬಂದರು. ಈಗ ಬಾಗಿಲ ಬಳಿ ಕೂರುತ್ತಿರಲಿಲ್ಲ, ನನ್ನ ಕಂಪ್ಯೂಟರಿನ ಪಕ್ಕ ಸ್ಟೂಲಿನ ಮೇಲೆ. ಕೊಂಡವರು ಯಾರಾದರೂ ತಮ್ಮ ಕಂಬಳಿಗೆ ಫೋನು ಹಿಡಿದರೆ ಯಾವ ಊರಿನಿಂದ ಎಂದು ನನ್ನ ತೆರೆಯ ಮೇಲೆ ಬರುತ್ತದೆ. ಅದನ್ನು ಓದಿ ಹೇಳಬೇಕು. ನಾನು ಕೆಲಸದ ಮಧ್ಯೆ ಓದಿ ಹೇಳುತ್ತಿದ್ದೆ: ಒಂದು ಬೆಂಗಳೂರು, ಒಂದು ಲಂಡನ್, ಒಂದು ಟೊರಾಂಟೊ. ಪ್ರತಿಯೊಂದಕ್ಕೂ ಅವರದು ಒಂದೇ ಪ್ರಶ್ನೆ.

“ಅಲ್ಲೆ ಥಂಡಿ ಐತೇನ?”

ಐತಿ ಮಾಮಾ, ಭಾಳ ಐತಿ ಅನ್ನುತ್ತಿದ್ದೆ. ಅವರು ಸ್ವಲ್ಪ ಹೊತ್ತು ಆ ಊರಿನ ಹೆಸರನ್ನು ನೋಡುತ್ತಿದ್ದರು. ಓದಲು ಬಾರದ ಅಕ್ಷರ. ಆಮೇಲೆ ಮುಂದಿನದು ಅನ್ನುತ್ತಿದ್ದರು. ಒಮ್ಮೆ ಬಿಸಿಲಿನ ಊರೊಂದರ ಹೆಸರು ಬಂದಾಗ, ಅಲ್ಲಿ ಸೆಕೆ ಎಂದು ಖರೇ ಹೇಳಿಬಿಟ್ಟೆ. ಹಂಗಾರ ಪೆಟ್ಟಿಗೆಯಾಗ ಇಟ್ಟಿರತಾರ ಎಂದು ಎದ್ದು ಹೋದರು. ಅವರು ಬಸ್ಸಿಗೆ ನಡೆದುಹೋಗುವುದನ್ನು ನೋಡುತ್ತ, ಅಲ್ಲೂ ಥಂಡಿ ಎಂದು ಹೇಳಿದ್ದರೆ ಯಾರ ಗಂಟೇನು ಹೋಗುತ್ತಿತ್ತು ಎಂದು ನನಗೆ ನಾನೇ ಬೈದುಕೊಂಡೆ. ಅದು ಅವರು ಅಂಗಡಿಗೆ ಬಂದ ಕೊನೆಯ ಶನಿವಾರ.

ಆ ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು. ಹೋದಾಗ ಕೌದಿ ಹೊದ್ದು ಮಲಗಿದ್ದರು. ಜೀವಮಾನವೆಲ್ಲ ಮಂದಿಯ ಬೆನ್ನಿಗೆ ಕಂಬಳಿ ಹಾಕಿದವರು ಹಳೆಯ ಸೀರೆಗಳ ಕೌದಿಯ ಕೆಳಗೆ ನಡುಗುತ್ತಿದ್ದರು. ‘ಮಾರಾಟಕ್ಕಿಲ್ಲ’ದ ಕಂಬಳಿ ಮಗ್ಗದ ಮೇಲೆ ಮಡಿಚಿದ್ದು ಮಡಿಚಿದ ಹಾಗೇ ಇತ್ತು. ಹೊಚ್ಚಲೇ ಎಂದು ಕಣ್ಣಲ್ಲೇ ಕೇಳಿದೆ. ಬೇಡವೆಂದರು. ನಾನು ಬೆಳಗಾವಿಯ ಆಸ್ಪತ್ರೆಗೆ ಎಂದೆ, ಅಕ್ಕ ನಂದಗಡದ ಡಾಕ್ಟರ್ ಎಂದಳು. ಇಬ್ಬರ ಮಾತೂ ಅವರಿಗೆ ದೂರದಿಂದ ಕೇಳಿದ ಹಾಗಿತ್ತು. ಹೊರಡುವಾಗ ಮುಂಗೈ ಹಿಡಿದರು.

“ಮುಚ್ಚೂದಾದ್ರ ಅದನ್ನ ಮುಚ್ಚ್ರಿ. ಆಕಿದ ಅಂತಲ್ಲ. ಅಲ್ಲ ಅಂತನೂ ನನಗ ಖಾತ್ರಿ ಇಲ್ಲ.”

ಹಾಗೇ ಮಾಡಿದೆವು. ಊರ ಹೊರಗೆ, ಅತ್ತಿಯ ಬಾಜೂಕ. ಅಕ್ಕ ಕಂಬಳಿಯನ್ನು ಕುತ್ತಿಗೆಯ ತನಕ ಎಳೆದು, ಕಿವಿಯ ಮೇಲಿನ ಎಳೆಯನ್ನು ನೋಡಿ, ನನ್ನನ್ನು ನೋಡಿದಳು. ಅವರೇ ಬೇಡವೆಂದದ್ದು. ಎಳೆ ಕಿವಿಯ ಮೇಲೇ ಇತ್ತು, ಕಂಬಳಿಯ ಮೂಲೆ ಅಲ್ಲೇ ಪಕ್ಕದಲ್ಲಿತ್ತು. ಎರಡರ ನಡುವೆ ಒಂದು ಗೇಣು ಕೂಡ ಇರಲಿಲ್ಲ. ಮೇಲೆ ಮಣ್ಣು ಬಿತ್ತು.

ಚಿಪ್ ಬಿಚ್ಚಬೇಕಿತ್ತೆಂದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಮರುದಿನ ಹೊಳೆಯಿತು. ದಾಖಲೆಯ ಪ್ರಕಾರ ಆ ಕಂಬಳಿ ನನ್ನ ಉಸ್ತುವಾರಿಯಲ್ಲಿದೆ, ಆಗಾಗ ಫೋನು ಹಿಡಿದು ಅದು ಇದೆ ಎಂದು ತೋರಿಸಬೇಕು. ತೋರಿಸದಿದ್ದರೆ ನೆನಪೋಲೆ ಬರುತ್ತದೆ. ಮ್ಯಾಡಮ್‌ಗೆ ತಿಳಿಸಿದೆ. ಅವರು ಬಹಳ ನೊಂದುಕೊಂಡು, ಹಳೆಯದನ್ನು ಅಳಿಸಲು ಆಗದು, ಆದರೆ ಮುಂದಕ್ಕೆ ಒಂದು ಸಾಲು ಸೇರಿಸಬಹುದು, ‘ಕಳೆದಿದೆ’ ಅಥವಾ ‘ನಾಶವಾಗಿದೆ’, ಎರಡರಲ್ಲಿ ಒಂದನ್ನು ಒತ್ತಿಬಿಡಿ ಅಂದರು. ಎರಡೂ ಗುಂಡಿಗಳನ್ನು ನೋಡುತ್ತ ಕೂತೆ. ಕಳೆದದ್ದು ಇದಲ್ಲ. ನಾಶವಾದದ್ದು ಇದು ಎಂದು ಒತ್ತಲು ಬೆರಳು ಏಳಲಿಲ್ಲ. ನನ್ನ ಹೆಂಡತಿ ಹಿಂದಿನಿಂದ ಬಂದು, ಒಂದು ಗುಂಡಿ ಒತ್ತಲಿಕ್ಕೆ ಇಷ್ಟು ವಿಚಾರ ಮಾಡುವವರು ನನ್ನನ್ನು ಹೇಗೆ ಮದುವೆಯಾದಿರಿ ಎಂದು ಕೇಳಿದಳು. ನೆನಪೋಲೆಗಳು ಬರುತ್ತಲೇ ಇವೆ.

ತೆರೆಯ ಮೇಲೆ ಊರುಗಳ ಹೆಸರೂ ಬರುತ್ತಲೇ ಇವೆ. ಅವುಗಳಲ್ಲೊಂದು ಅತ್ತಿಯದಿರಬಹುದು, ಇರದೆಯೂ ಇರಬಹುದು. ಹೊಸ ಹೆಸರು ಬಂದಾಗ ಫೋನಿನಲ್ಲಿ ಆ ಊರಿನ ಹವಾಮಾನ ತೆಗೆದು ನೋಡುವುದು ಈಗ ನನ್ನ ಚಿಂತೆಗಳಲ್ಲಿ ಒಂದು. ಥಂಡಿ ಇದ್ದರೆ ಆ ಹೆಸರನ್ನು ಇನ್ನೊಮ್ಮೆ ಗಟ್ಟಿಯಾಗಿ ಓದುತ್ತೇನೆ. ಪಕ್ಕದ ಸ್ಟೂಲನ್ನು ಇನ್ನೂ ಸರಿಸಿಲ್ಲ.

ಮೊನ್ನೆ ಖಾನಾಪುರಕ್ಕೆ ಕೆಲಸದ ಮೇಲೆ ಹೋದವನು ಅವರ ಊರಿಗೂ ಹೋದೆ. ಮಣ್ಣಿನ ಮೇಲೆ ಹುಲ್ಲು ಬಂದಿತ್ತು. ಸುತ್ತ ಯಾರಿಲ್ಲವೆಂದು ಎರಡೆರಡು ಸಲ ನೋಡಿಕೊಂಡು ಕುಕ್ಕರಗಾಲಲ್ಲಿ ಕೂತು, ತಲೆಯ ಕಡೆಗೆ, ಬಲಗಿವಿಯೂ ಕಂಬಳಿಯ ಚಿಪ್ಪೂ ಇರಬಹುದಾದ ಜಾಗದ ಮೇಲೆ ಫೋನು ಹಿಡಿದೆ. ಅದು ಎರಡು ಬೆರಳಿನ ಅಂತರದಿಂದ ಮಾತ್ರ ಓದುತ್ತದೆ, ಅದನ್ನು ಊರಿಗೆಲ್ಲ ಹೇಳಿಕೊಟ್ಟವನು ನಾನೇ. ಕುರಿ ಅಟ್ಟಿಕೊಂಡು ಬಂದವನೊಬ್ಬ ದೂರದಲ್ಲಿ ನಿಂತು, ಏನ ಹುಡಕಾಕತ್ತೀರಿ ಎಂದು ಕೇಳಿದ. ಸಿಗ್ನಲ್ ಅಂದೆ. ಇಲ್ಲೆ ಸಿಗೂದಿಲ್ಲ ಎಂದು ಹೇಳಿ ಅವನು ಕುರಿಗಳ ಹಿಂದೆ ಹೋದ. ಕೈ ಇಳಿಸಿ ಫೋನನ್ನು ಹುಲ್ಲಿಗೆ ತಾಗಿಸಿದೆ. ಆಮೇಲೆ ಮಣ್ಣಿಗೆ ಒತ್ತಿದೆ. ತೆರೆಯ ಮೇಲೆ ಒಂದೇ ಸಾಲು ಬಂದು ನಿಂತಿತ್ತು: ಇನ್ನೂ ಹತ್ತಿರ ಹಿಡಿಯಿರಿ.